ಚೋರಾಂವ್ ದ್ವೀಪದ ಒಡ್ಡು, ಕಾಂಡ್ಲ ಮತ್ತು ಹಕ್ಕಿಗಳು

ಗೋವಾದ ಮಾಂಡೋವಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಮುನ್ನ ಹಲವು ಕವಲುಗಳಾಗಿ ಒಡೆದು, ದಿವಾಡಿ, ಚೋರಾಂವ್, ಜುವೆ ಮುಂತಾದ ದ್ವೀಪಗಳನ್ನು ತನ್ನ ತೋಳುಗಳ ನಡುವೆ ಹಿಡಿದುಕೊಂಡಿದೆ. ಇವುಗಳಲ್ಲಿ ಕೊಂಕಣಿ ಜನರು ಚೊಡಣ ಎಂದು ಕರೆಯುವ ಚೋರಾಂವ್ ದ್ವೀಪದ ಪಶ್ಚಿಮದ ತುದಿಯಲ್ಲಿ, ಮಾಪ್ಸಾ ಹೊಳೆಯು ಬಂದು ಮಾಂಡೋವಿಯನ್ನು ಕೂಡುವ ಜಾಗದಲ್ಲಿ, 178 ಹೆಕ್ಟೇರುಗಳ ಒಂದು ಕಾಂಡ್ಲ ಕಾಡು ಇದ್ದು, ಅದನ್ನು 1988ರಲ್ಲಿ ಡಾ. ಸಲೀಂ ಅಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಕಾಂಡ್ಲ ಎಂಬುದು ಉತ್ತರ ಕನ್ನಡದ ಕರಾವಳಿಯಲ್ಲಿ ಬಳಕೆಯಲ್ಲಿರುವ ಹೆಸರು. ನದಿಯ ಸಿಹಿನೀರು ಮತ್ತು ಕಡಲಿನ ಉಪ್ಪುನೀರು ಬೆರೆಯುವ ಅಳಿವೆಯ ಕೆಸರಿನಲ್ಲಿ, ಉಬ್ಬರ ಬಂದಾಗ ಸೊಂಟದವರೆಗೆ ಮುಳುಗಿ ಇಳಿತವಾದಾಗ ಬೇರುಗಳನ್ನು ಬಯಲಿಗಿಟ್ಟು ನಿಲ್ಲುವ ಮರಗಳ ಸಮುದಾಯವನ್ನು ಈ ಹೆಸರಿನಿಂದ ಗುರುತಿಸುತ್ತಾರೆ. ಪಣಜಿಯಿಂದ ರಿಬಂದರಿಗೆ ಬಂದು ಅಲ್ಲಿಯ ದಕ್ಕೆಯಿಂದ ಫೆರ್ರಿಯಲ್ಲಿ ನದಿ ದಾಟಿ, ಅನಂತರ ಸಣ್ಣ ದೋಣಿಯೊಂದರಲ್ಲಿ ಕಾಡಿನ ನಡುವಿನ ಕಾಲುವೆಗಳನ್ನು ಹೊಕ್ಕು ಹಕ್ಕಿಗಳನ್ನು ನೋಡುವುದು ಇಲ್ಲಿಯ ರೂಢಿ.

ದೋಣಿಯಲ್ಲಿ ಕುಳಿತವರ ಕಣ್ಣಿಗೆ ಈ ಕಾಡು ಮನುಷ್ಯನ ಕೈ ಸೋಕದ ಆದಿಮ ಅರಣ್ಯದಂತೆ ಕಾಣುವುದು ಸಹಜ. ಆದರೆ ದ್ವೀಪದ ಚರಿತ್ರೆಯನ್ನು ತಿಳಿದವರಿಗೆ ಕಾಣುವುದು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಜನರು ಕೆಸರನ್ನು ಮೆಟ್ಟಿ ಕಟ್ಟಿದ, ಒಡೆದಾಗ ಮತ್ತೆ ಕಟ್ಟಿದ, ಕೆಲವೆಡೆ ಕೈಬಿಟ್ಟ ಒಡ್ಡುಗಳ ನೆಲ. ಕಾಂಡ್ಲ, ಗದ್ದೆ, ಉಪ್ಪಿನ ಆಗರ ಮತ್ತು ಮೀನಿನ ಹೊಂಡ ಇವು ನಾಲ್ಕೂ ಇಲ್ಲಿ ಒಂದೇ ನೆಲದ ಬೇರೆ ಬೇರೆ ಅವಸ್ಥೆಗಳಾಗಿದ್ದು, ಉಬ್ಬರದ ನೀರನ್ನು ಎಲ್ಲಿ ತಡೆಯಬೇಕು, ಎಲ್ಲಿ ಒಳಗೆ ಬಿಡಬೇಕು ಎಂದು ಊರು ಕಾಲಕಾಲಕ್ಕೆ ಮಾಡಿದ ತೀರ್ಮಾನದ ಮೇಲೆಯೇ ಅವುಗಳ ನಡುವಿನ ಗಡಿ ನಿಂತಿದೆ. ಆದ್ದರಿಂದ ಈ ಪಕ್ಷಿಧಾಮದ ಹಿನ್ನೆಲೆಯನ್ನು ಅರಿಯಲು ಹೊರಟವರು ಹಕ್ಕಿಗಳಿಗಿಂತ ಮೊದಲು ಒಡ್ಡುಗಳ ಕಡೆ ನೋಡಬೇಕಾಗುತ್ತದೆ.

ಮಾಂಡೋವಿಯ ಮೂಲ ಕರ್ನಾಟಕದಲ್ಲಿದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡುಗಳಲ್ಲಿ ಮಹದಾಯಿ ಎಂಬ ಹೆಸರಿನಿಂದ ಹುಟ್ಟುವ ಈ ನದಿಯು ಪಶ್ಚಿಮ ಘಟ್ಟವನ್ನು ಇಳಿದು ಗೋವಾದ ಸತ್ತರಿ ಸೀಮೆಯನ್ನು ಹಾದು ಬರುತ್ತದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಘಟ್ಟದಿಂದ ಬರುವ ಕೆಂಪುನೀರು ಅಳಿವೆಯ ಉಪ್ಪನ್ನು ಕಡಲಿನ ಕಡೆಗೆ ದೂಡುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ನೀರು ಎಷ್ಟೋ ಮೈಲಿ ಒಳನಾಡಿಗೆ ಉಪ್ಪನ್ನು ಹೊತ್ತು ಬರುತ್ತದೆ. ದಿನಕ್ಕೆರಡು ಬಾರಿ ಏರಿಳಿಯುವ ನೀರಿನ ಮಟ್ಟ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ 2 ಮೀಟರಿನಷ್ಟು ವ್ಯತ್ಯಾಸವಾಗುವುದುಂಟು. ಘಟ್ಟದ ಮೆಕ್ಕಲು ಮಣ್ಣು ಮತ್ತು ಕಡಲಿನ ಉಪ್ಪು ಹೀಗೆ ಋತುಮಾನಕ್ಕೆ ತಕ್ಕಂತೆ ಸರದಿಯಲ್ಲಿ ಬಂದು ಸೇರುವ ಈ ತಗ್ಗುನೆಲವೇ ಖಾಜನ ಎಂಬ ಬೇಸಾಯ ಪದ್ಧತಿಯ ಹುಟ್ಟಿಗೆ ಕಾರಣವಾಯಿತು.

ಖಾಜನವೆಂದರೆ ಉಬ್ಬರ ಮುಳುಗಿಸುವ ಕೆಸರು ನೆಲವನ್ನು ಮಣ್ಣಿನ ಒಡ್ಡಿನಿಂದ ಸುತ್ತುವರಿದು ಗದ್ದೆ ಮಾಡಿಕೊಂಡ ಪ್ರದೇಶ. ಉತ್ತರ ಕನ್ನಡದಲ್ಲಿ, ಮುಖ್ಯವಾಗಿ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ, ಇಂಥದೇ ಭೂಮಿಗೆ ಗಜನಿ ಎಂದು ಹೆಸರು. ಖಾಜನದ ಪ್ರಾಚೀನತೆಗೆ ಗೋವಾದ ಚರಿತ್ರಕಾರರು ಸಾಮಾನ್ಯವಾಗಿ ಉಲ್ಲೇಖಿಸುವ ಆಧಾರವೆಂದರೆ ಬಾಂದೋಡೆಯಲ್ಲಿ ದೊರೆತ, ಕೊಂಕಣದ ಮೌರ್ಯ ವಂಶದ ಅನಿರ್ಜಿತವರ್ಮನ ತಾಮ್ರಶಾಸನ. ಸುಮಾರು 6–7ನೇ ಶತಮಾನದ್ದೆಂದು ಎಣಿಸಲಾಗುವ ಈ ಶಾಸನವು ಖಜ್ಜನ ಭೂಮಿಯ ದಾನವನ್ನು ಹೇಳುವುದರ ಜೊತೆಗೆ, ದಾನ ಪಡೆದವನು ಕಾಡು ಕಡಿದು, ಉಪ್ಪುನೀರು ಒಳನುಗ್ಗದಂತೆ ಒಡ್ಡು ಕಟ್ಟಿ ಅದನ್ನು ಗದ್ದೆಯಾಗಿಸಬೇಕೆಂಬುದನ್ನೂ ಸೂಚಿಸುತ್ತದೆ. ದಾನಶಾಸನಗಳು ಸಾಮಾನ್ಯವಾಗಿ ಬೆಳೆ ಬರುತ್ತಿರುವ ಭೂಮಿಯನ್ನು ಕೊಡುತ್ತವೆ; ಇಲ್ಲಿ ಕೊಟ್ಟದ್ದು ಇನ್ನೂ ಭೂಮಿಯಾಗದ ಭೂಮಿಯನ್ನು, ಅದರ ಜೊತೆಗೆ ಅದನ್ನು ಭೂಮಿಯಾಗಿಸುವ ಹೊಣೆಯನ್ನು. ಕಡಿಯಬೇಕಾಗಿದ್ದ ಕಾಡು ಅಳಿವೆಯ ದಂಡೆಯದೇ ಆಗಿದ್ದುದರಿಂದ ಅದರಲ್ಲಿ ಕಾಂಡ್ಲದ ಪಾಲು ಇದ್ದಿರಲೇಬೇಕು. ಹಾಗಾಗಿ ಮನುಷ್ಯನೂ ಕಾಂಡ್ಲವೂ ಒಂದೇ ಕೆಸರಿಗಾಗಿ ನಡೆಸಿದ ಸ್ಪರ್ಧೆಯ ಮೊದಲ ಲಿಖಿತ ಸುಳಿವುಗಳಲ್ಲಿ ಇದೂ ಒಂದು ಎನ್ನಬಹುದು.

ಮುಂದಿನ ಶತಮಾನಗಳಲ್ಲಿ ಈ ಸೀಮೆಯನ್ನು ಆಳಿದವರು ಕನ್ನಡ ನಾಡಿನೊಂದಿಗೆ ಆಳವಾದ ಸಂಬಂಧವಿದ್ದ ಗೋವೆಯ ಕದಂಬರು. ಮೊದಲನೆಯ ಜಯಕೇಶಿಯು 11ನೇ ಶತಮಾನದ ನಡುಭಾಗದಲ್ಲಿ ರಾಜಧಾನಿಯನ್ನು ಚಂದ್ರಪುರದಿಂದ ಜುವಾರಿ ನದಿಯ ದಡದ ಗೋಪಕಪಟ್ಟಣಕ್ಕೆ ಸಾಗಿಸಿದನು. ಘಟ್ಟದ ಮೇಲೆ ಹಲಸಿಯೂ ಈ ವಂಶದ ರಾಜಧಾನಿಯಾಗಿತ್ತು. ಹಲಸಿ ಇರುವುದು ಮಹದಾಯಿ ಹುಟ್ಟುವ ಅದೇ ಖಾನಾಪುರ ತಾಲ್ಲೂಕಿನಲ್ಲಿ. ನದಿಯ ಮೂಲವನ್ನೂ ಮುಖವನ್ನೂ ಒಂದೇ ಅರಸೊತ್ತಿಗೆ ಆಳಿದ ಕಾಲವದು. ಕದಂಬರ ಕುಲದೇವರಾದ ಸಪ್ತಕೋಟೀಶ್ವರನ ಗುಡಿಯು ಚೋರಾಂವ್‌ನ ನೆರೆಯ ದಿವಾಡಿ ದ್ವೀಪದಲ್ಲಿತ್ತು. 14ನೇ ಶತಮಾನದಲ್ಲಿ ಬಹಮನಿ ಸೇನೆಯ ದಾಳಿಗೆ ಸಿಕ್ಕಿ ಹಾಳಾದ ಆ ಗುಡಿಯನ್ನು, ಅದೇ ಶತಮಾನದ ಕೊನೆಯಲ್ಲಿ ವಿಜಯನಗರದ ಪರವಾಗಿ ಗೋವೆಯನ್ನು ಆಳಿದ ಮಾಧವಮಂತ್ರಿಯು ಮತ್ತೆ ಕಟ್ಟಿಸಿದನು. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದಾಗ ಲಿಂಗವು ನದಿ ದಾಟಿ ಡಿಚೋಲಿ ಸೀಮೆಯ ನಾರ್ವೆಗೆ ಬಂತು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿಯು ಕಟ್ಟಿಸಿದನು. ಈ ದ್ವೀಪಗಳ ದೈವಗಳೂ ದಾಖಲೆಗಳೂ ಜನರೂ ಆಪತ್ತಿನ ಕಾಲದಲ್ಲಿ ದೋಣಿಯೇರಿ ಎದುರು ದಡಕ್ಕೆ ಹೋದ ಉದಾಹರಣೆಗಳು ಹಲವಿವೆ.

ಅರಸರು ಬದಲಾದರೂ ಒಡ್ಡುಗಳನ್ನು ನೋಡಿಕೊಂಡ ವ್ಯವಸ್ಥೆ ಮಾತ್ರ ಬಹಳ ಕಾಲ ಉಳಿಯಿತು. ಅದೇ ಗಾಂವ್ಕಾರಿ. ಊರಿನ ಮೂಲ ನಿವಾಸಿ ಕುಟುಂಬಗಳ ಗಂಡಸರು, ಅಂದರೆ ಗಾಂವ್ಕಾರರು, ಒಟ್ಟಾಗಿ ಊರಿನ ಭೂಮಿಯ ಒಡೆತನ ಹೊಂದಿ, ಗದ್ದೆಗಳನ್ನು ಗೇಣಿಗೆ ಹರಾಜು ಹಾಕಿ, ಬಂದ ಆದಾಯದಲ್ಲಿ ಅರಸನ ಕಂದಾಯ, ದೇವಸ್ಥಾನದ ಖರ್ಚು, ಒಡ್ಡಿನ ದುರಸ್ತಿ ಇವನ್ನೆಲ್ಲ ತೀರಿಸಿ, ಉಳಿದದ್ದನ್ನು ತಮ್ಮೊಳಗೆ ಹಂಚಿಕೊಳ್ಳುತ್ತಿದ್ದ ಗ್ರಾಮಸಂಸ್ಥೆ ಇದು. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಚೋರಾಂವ್, ದಿವಾಡಿಗಳೂ ಸೇರಿದ ತೀಸವಾಡಿ ದ್ವೀಪಗಳನ್ನು ಕಿತ್ತುಕೊಂಡ ಪೋರ್ಚುಗೀಸರು, ಕಂದಾಯ ವಸೂಲಿಗೆ ಈ ಸಂಸ್ಥೆಯೇ ಅನುಕೂಲವೆಂದು ಅರಿತು, 1526ರಲ್ಲಿ ಅಧಿಕಾರಿ ಅಫೊನ್ಸೊ ಮೆಶಿಯನ ಮೂಲಕ ಊರಿನ ಕಟ್ಟುಕಟ್ಟಳೆಗಳನ್ನು ಬರೆಸಿ, ಫೊರಾಲ್ ಎಂಬ ಸನದಿನ ರೂಪದಲ್ಲಿ ಹೊರಡಿಸಿದರು. ಹಿಂದೆ ನಾಲ್ಕು ಮಂದಿ ಪಾಳುಬಿದ್ದಿದ್ದ ದ್ವೀಪಕ್ಕೆ ಬಂದು ನೆಲವನ್ನು ಹಸನು ಮಾಡಿ ನೆಲೆಸಿದರೆಂಬ ಊರವರ ನಂಬಿಕೆಯನ್ನೂ ಆ ಸನದು ದಾಖಲಿಸಿಕೊಂಡಿದೆ. ಪೋರ್ಚುಗೀಸರ ಬಾಯಲ್ಲಿ ಗಾಂವ್ಕಾರಿಯು ಕೊಮುನಿದಾದ್ ಆಯಿತು; 1961ರವರೆಗೂ ಅದಕ್ಕೆ ಸಂಬಂಧಿಸಿದ ಕಾನೂನುಗಳನ್ನು ಲಿಸ್ಬನ್ ಆಡಳಿತ ಮತ್ತೆ ಮತ್ತೆ ತಿದ್ದಿತು.

ಒಡ್ಡಿನ ತಂತ್ರ ಸರಳವಾಗಿ ಕಂಡರೂ ಸೂಕ್ಷ್ಮವಾದುದು. ನದಿಯ ಅಂಚಿನಲ್ಲಿ ಹೊರಒಡ್ಡು, ಅದರ ಒಳಗೆ ಹೊಳೆಗವಲುಗಳ ಅಂಚಿನಲ್ಲಿ ಒಳಒಡ್ಡುಗಳು. ಹೊಳೆಯದೇ ಜೇಡಿಮಣ್ಣನ್ನು ಹುಲ್ಲು, ಕಾಂಡ್ಲದ ರೆಂಬೆಗಳೊಂದಿಗೆ ಕಲಸಿ ಮೆಟ್ಟಿ ಏರಿಸಿದ ಈ ಗೋಡೆಗೆ, ನೀರಿನ ಹೊಡೆತ ಹೆಚ್ಚಾದಲ್ಲಿ ಜಂಬಿಟ್ಟಿಗೆಯ ಕಲ್ಲು ಹೊದಿಸುತ್ತಿದ್ದರು. ಒಡ್ಡಿನ ಆಯಕಟ್ಟಿನ ಜಾಗದಲ್ಲಿ ಮಾನಸ ಎಂದು ಕರೆಯಲಾಗುವ ತೂಬು ಇರುತ್ತದೆ. ಅದರ ಮರದ ಬಾಗಿಲುಗಳನ್ನು ಕೂರಿಸಿರುವ ಬಗೆ ಎಂಥದೆಂದರೆ, ಉಬ್ಬರದ ನೀರು ಹೊರಗಿನಿಂದ ಒತ್ತಿದಾಗ ಅವು ತಾವಾಗಿ ಮುಚ್ಚಿಕೊಳ್ಳುತ್ತವೆ. ಇಳಿತದ ಹೊತ್ತಿನಲ್ಲಿ ಒಳಗಿನ ಮಳೆನೀರು ಒತ್ತಿದಾಗ ತಾವಾಗಿ ತೆರೆದುಕೊಳ್ಳುತ್ತವೆ. ಮುಂಗಾರಿನ ಮಳೆ ಗದ್ದೆಯ ಉಪ್ಪನ್ನು ತೊಳೆದು ತೂಬಿನ ಮೂಲಕ ಹೊರಗೆ ಕಳಿಸಿದ ಮೇಲೆ, ಉಪ್ಪನ್ನು ತಾಳಿಕೊಳ್ಳುವ ಕೊರ್ಗುಟ್‌ನಂಥ ಭತ್ತದ ತಳಿಗಳನ್ನು ಬಿತ್ತುತ್ತಿದ್ದರು. ಅಘನಾಶಿನಿಯ ಗಜನಿಗಳಲ್ಲಿ ಕಗ್ಗ ಎಂಬ ಭತ್ತಕ್ಕೆ ಇರುವ ಸ್ಥಾನವೇ ಇಲ್ಲಿ ಕೊರ್ಗುಟ್ಟಿಗೆ ಇದೆ. ಕೊಯ್ಲಿನ ನಂತರ ತೂಬಿನ ಬಾಗಿಲನ್ನು ಬೇಕೆಂದೇ ತೆರೆದು ಉಪ್ಪುನೀರನ್ನೂ ಅದರೊಂದಿಗೆ ಸಿಗಡಿ, ಮೀನಿನ ಮರಿಗಳನ್ನೂ ಒಳಗೆ ಬಿಟ್ಟುಕೊಂಡು, ಇಳಿತದಲ್ಲಿ ತೂಬಿನ ಬಾಯಿಗೆ ಚೀಲದಂಥ ಬಲೆ ಕಟ್ಟಿ ಹಿಡಿಯುತ್ತಿದ್ದರು. ಈ ಮೀನಿನ ಹಕ್ಕನ್ನು ಹರಾಜು ಹಾಕಿ ಬಂದ ಹಣವೂ ಒಡ್ಡಿನ ದುರಸ್ತಿಗೆ ಒದಗುತ್ತಿತ್ತು. ಹೀಗೆ ಒಂದೇ ನೆಲ ಮಳೆಗಾಲದಲ್ಲಿ ಅನ್ನವನ್ನೂ ಬೇಸಿಗೆಯಲ್ಲಿ ಮೀನನ್ನೂ ಕೊಡುತ್ತಿತ್ತು. ಇನ್ನು ಕೆಲವು ತುಂಡುಗಳಲ್ಲಿ ಉಪ್ಪು ಬೆಳೆಯುತ್ತಿದ್ದರು.

ಇಷ್ಟನ್ನೂ ನಡೆಸಿದ್ದು ಕೂಲಿಯ ದುಡಿಮೆ ಎಂಬುದನ್ನು ಮರೆಯುವಂತಿಲ್ಲ. ಒಡ್ಡಿನ ಮೇಲೆ ಕಾವಲು ತಿರುಗಿ, ಏಡಿಗಳು ಕೊರೆದ ಬಿಲಗಳನ್ನು ಹುಡುಕಿ ಮುಚ್ಚಿ, ಬಿರುಕು ಕಂಡಕೂಡಲೇ ಊರಿಗೆ ತಿಳಿಸುವ ಕಾವಲುಗಾರರನ್ನು ಗಾಂವ್ಕಾರಿಯು ನೇಮಿಸುತ್ತಿತ್ತು. ಅವರನ್ನು ಪಾಯ್ಣಿ ಎನ್ನುತ್ತಿದ್ದರು. ಒಡ್ಡು ಒಡೆದ ರಾತ್ರಿ ಕೆಸರಿಗಿಳಿದು ಮಣ್ಣು ಹೊತ್ತವರಲ್ಲಿ ಹೆಚ್ಚಿನವರು ಗಾವಡಾ, ಕುಣಬಿ ಮೊದಲಾದ ಸಮುದಾಯಗಳ ಶ್ರಮಿಕರು. ಗಾಂವ್ಕಾರಿಯನ್ನು ಗ್ರಾಮಗಣರಾಜ್ಯವೆಂದು ಹೊಗಳುವ ಬರಹಗಳು ಸಾಕಷ್ಟಿವೆ. ಆದರೆ ಸಭೆಯಲ್ಲಿ ಮಾತಾಡುವ ಹಕ್ಕು ಮತ್ತು ಆದಾಯದ ಪಾಲು ಗಾಂವ್ಕಾರರದಾಗಿತ್ತೇ ಹೊರತು ಮಣ್ಣು ಹೊತ್ತವರದಾಗಿರಲಿಲ್ಲ, ಹೆಂಗಸರಿಗೂ ಅಲ್ಲಿ ಸ್ಥಾನವಿರಲಿಲ್ಲ. ಶ್ರಮಿಕರ ನಂಬಿಕೆಯ ಲೋಕ ಮಾತ್ರ ಒಡ್ಡಿನ ಬದಿಯಲ್ಲಿ ಇಂದಿಗೂ ಉಳಿದಿದೆ. ಮಾಂಡೋವಿ ಮತ್ತು ಜುವಾರಿಯನ್ನು ಜೋಡಿಸುವ ಕುಂಭಾರ್ಜುವೆ ಕಾಲುವೆಯ ಆಸುಪಾಸಿನ ಕೆಲವು ಊರುಗಳಲ್ಲಿ, ಪುಷ್ಯಮಾಸದ ಅಮಾವಾಸ್ಯೆಯಂದು ಒಡ್ಡಿನ ಪಕ್ಕದಲ್ಲಿ ಕೆಸರಿನಿಂದ ಮೊಸಳೆಯ ಆಕೃತಿಯನ್ನು ಮಾಡಿ ಪೂಜಿಸುವ ಮಾಂಗೆ ಥಾಪಣಿ ಎಂಬ ಆಚರಣೆ ಇದೆ. ಕಾಲುವೆಯಲ್ಲಿ ನಿಜವಾಗಿಯೂ ಮೊಸಳೆಗಳಿವೆ. ಸಾಮಾನ್ಯವಾಗಿ ಸಿಹಿನೀರಿನಲ್ಲಿ ವಾಸಿಸುವ ಜಾತಿಯೇ ಇಲ್ಲಿ ಉಪ್ಪು ಬೆರೆತ ನೀರಿಗೆ ಹೊಂದಿಕೊಂಡಿದೆ. ದಿನವೂ ಮೊಸಳೆಯ ನೀರಿನ ಬದಿಯಲ್ಲಿ ನಿಂತು ಒಡ್ಡು ಕಾಯಬೇಕಾದವರು ಅದನ್ನು ಕೊಲ್ಲುವ ಬದಲು ಗದ್ದೆಯ ಕಾವಲು ದೈವವನ್ನಾಗಿ ಮಾಡಿಕೊಂಡದ್ದು ಈ ಅಳಿವೆಯ ಅತ್ಯಂತ ಹಳೆಯ ವನ್ಯಜೀವಿ ರಕ್ಷಣೆ ಎಂದರೆ ಅದು ಅತಿಶಯೋಕ್ತಿಯಾಗದು.

ಪೋರ್ಚುಗೀಸರ ಕಾಲದಲ್ಲಿ ಚೋರಾಂವ್‌ನ ಸುತ್ತಲಿನ ನೀರು ಗಡಿಯೂ ಆಗಿತ್ತು. ದ್ವೀಪಗಳಿಂದ ಹೊರನಾಡಿಗೆ ದಾಟುವ ಕಡವುಗಳಲ್ಲಿ ಕಾವಲು ಠಾಣೆಗಳಿದ್ದು, ಜನ, ದನ, ಸರಕು ಎಲ್ಲವೂ ತಪಾಸಣೆಗೆ ಒಳಗಾಗಬೇಕಿತ್ತು. ಪಕ್ಕದ ಜುವೆ ದ್ವೀಪದ ಕೋಟೆಯನ್ನು 1683ರ ನವೆಂಬರಿನಲ್ಲಿ ಸಂಭಾಜಿಯ ಸೈನ್ಯ ವಶಪಡಿಸಿಕೊಂಡಾಗ, ಹಳೆಯ ಗೋವೆಯಲ್ಲಿದ್ದ ರಾಜಧಾನಿಗೂ ಶತ್ರುವಿಗೂ ನಡುವೆ ಉಳಿದದ್ದು ಒಂದು ಹೊಳೆಗವಲಿನ ಅಗಲ ಮಾತ್ರ. ಚೋರಾಂವ್‌ನಲ್ಲಿ ಜೆಸ್ವಿಟ್ ಪಾದ್ರಿಗಳ ನೆಲೆಯಿತ್ತು. 1759ರಲ್ಲಿ ಅವರನ್ನು ಪೋರ್ಚುಗೀಸ್ ಸೀಮೆಯಿಂದ ಹೊರಹಾಕಲಾಯಿತು. 17 ಮತ್ತು 18ನೇ ಶತಮಾನಗಳಲ್ಲಿ ಮತ್ತೆ ಮತ್ತೆ ಬಂದ ಜ್ವರ, ಸಾಂಕ್ರಾಮಿಕಗಳು ಹಳೆಯ ಗೋವೆಯ ನಗರವನ್ನು ಬರಿದು ಮಾಡಿ, ರಾಜಧಾನಿಯನ್ನು ಪಣಜಿಗೆ ತಂದವು. ಇಂದು ಪಣಜಿಯಿಂದ ಪಕ್ಷಿಧಾಮಕ್ಕೆ ಹೋಗುವವರು ಹಾದುಹೋಗುವ ರಸ್ತೆಯೂ ಆ ಕಾಲದ್ದೇ. ವೈಸರಾಯ್ ಆಗಿದ್ದ ಲಿನ್ಯಾರಿಶ್ ಕೌಂಟನ ಕಾಲದಲ್ಲಿ, 1630ರ ದಶಕದಲ್ಲಿ, ಜೌಗು ನೆಲದ ಮೇಲೆ ಜಂಬಿಟ್ಟಿಗೆಯಲ್ಲಿ ಕಟ್ಟಿದ ಸುಮಾರು 3 ಕಿಲೋಮೀಟರ್ ಉದ್ದದ ಕಟ್ಟೆ ಅದು. ಇಂದಿಗೂ ವಾಹನಗಳು ಅದರ ಮೇಲೆ ಓಡುತ್ತಿವೆ.

1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಖಾಜನದ ಚರಿತ್ರೆ ಹೊಸ ತಿರುವು ಪಡೆಯಿತು. 1964ರ ಗೇಣಿ ಕಾನೂನು ಮತ್ತು 1970ರ ದಶಕದಲ್ಲಿ ಅದಕ್ಕೆ ಬಂದ ತಿದ್ದುಪಡಿಗಳು ಉಳುವವನಿಗೆ ಭೂಮಿಯ ಹಕ್ಕನ್ನು ಕೊಟ್ಟವು. ಶತಮಾನಗಳಿಂದ ಕೆಸರಿನಲ್ಲಿ ದುಡಿದವರಿಗೆ ಸಂದ ನ್ಯಾಯ ಅದು. ಆದರೆ ಗೇಣಿಯ ಆದಾಯ ನಿಂತುಹೋದ ಕೊಮುನಿದಾದುಗಳಿಗೆ ಒಡ್ಡನ್ನು ನೋಡಿಕೊಳ್ಳುವ ಶಕ್ತಿಯೂ ಆಸಕ್ತಿಯೂ ಉಳಿಯಲಿಲ್ಲ. ಆ ಹೊಣೆಯನ್ನು ಹೊತ್ತುಕೊಳ್ಳಬೇಕಾದ ಗೇಣಿದಾರರ ಸಂಘಗಳು ಹಲವೆಡೆ ಹೆಸರಿಗಷ್ಟೇ ಉಳಿದವು. ತೂಬಿನ ಮೀನಿನ ಬೆಲೆ ಭತ್ತದ ಬೆಲೆಯನ್ನು ಎಷ್ಟೋ ಪಟ್ಟು ಮೀರಿದ್ದರಿಂದ, ಸಿಗಡಿಗಾಗಿ ತೂಬನ್ನು ಅಕಾಲದಲ್ಲಿ ತೆರೆದಿಡುವ, ಒಮ್ಮೊಮ್ಮೆ ಒಡ್ಡನ್ನೇ ಒಡೆಯುವ ಪರಿಪಾಠ ಬೆಳೆಯಿತು. ಮಾಂಡೋವಿಯಲ್ಲಿ ಕಬ್ಬಿಣದ ಅದಿರು ತುಂಬಿ ಮರ್ಮಗೋವಾ ಬಂದರಿಗೆ ಸಾಗುತ್ತಿದ್ದ ಬಾರ್ಜುಗಳು, ಅಂದರೆ ಚಪ್ಪಟೆ ತಳದ ದೊಡ್ಡ ಸರಕುದೋಣಿಗಳು, ಎಬ್ಬಿಸಿದ ಅಲೆಗಳು ಹಗಲೂ ರಾತ್ರಿ ಮಣ್ಣಿನ ಒಡ್ಡನ್ನು ಸವೆಸಿದವು. 2012ರಲ್ಲಿ ಗಣಿಗಾರಿಕೆ ಸ್ಥಗಿತವಾಗುವ ಹೊತ್ತಿಗೆ ಆಗಬೇಕಾದ ಹಾನಿ ಆಗಿತ್ತು. ಹೊಸ ತಲೆಮಾರಿನವರು ಪಣಜಿಯ ಕಚೇರಿಗಳಿಗೂ ಗಲ್ಫ್ ದೇಶಗಳಿಗೂ ದುಡಿಯಲು ಹೋದುದರಿಂದ ಗದ್ದೆಗೆ ಇಳಿಯುವವರೇ ಕಡಿಮೆಯಾದರು.

ಒಡ್ಡು ಒಡೆದು ಉಬ್ಬರದ ನೀರು ಒಳಗೆ ಬಂದು ನಿಂತ ಗದ್ದೆಯನ್ನು ಕಾಂಡ್ಲ ಬಹುಬೇಗ ಆಕ್ರಮಿಸಿಕೊಳ್ಳುತ್ತದೆ. ಇದಕ್ಕೆ ಕಾರಣ ಈ ಮರಗಳ ಸಂತಾನಕ್ರಮದಲ್ಲಿದೆ. ರೈಜೋಫೊರಾ ಎಂಬ ಕುಲದ ಕಾಂಡ್ಲದಲ್ಲಿ ಬೀಜವು ತಾಯಿಮರದ ಮೇಲಿರುವಾಗಲೇ ಮೊಳೆತು, ಗೇಣುದ್ದದ, ಕೆಲವೊಮ್ಮೆ ಇನ್ನೂ ಉದ್ದದ ಮೊಳಕೆಯಾಗಿ ಜೋತಾಡುತ್ತದೆ. ಕಳಚಿ ಬಿದ್ದದ್ದು ಒಂದೋ ಕೆಸರಿನಲ್ಲಿ ನೆಟ್ಟಗೆ ನಾಟಿಕೊಳ್ಳುತ್ತದೆ, ಇಲ್ಲವೇ ನೀರಿನಲ್ಲಿ ತೇಲಿಹೋಗಿ ತಕ್ಕ ನೆಲ ಸಿಕ್ಕಲ್ಲಿ ಬೇರು ಬಿಡುತ್ತದೆ. ಕಾಂಡದಿಂದ ಕಮಾನಿನಂತೆ ಇಳಿದು ಮರವನ್ನು ಎತ್ತಿ ನಿಲ್ಲಿಸುವ ಇದರ ಬೇರುಗಳಿಗೆ ಊರುಬೇರುಗಳೆಂದು ಹೆಸರು. ಅವಿಸೆನ್ನಿಯಾ, ಸೊನ್ನರೇಶಿಯಾ ಕುಲದ ಮರಗಳಾದರೋ ಗಾಳಿಯಿಲ್ಲದ ಕೆಸರಿನೊಳಗಿಂದ ಸಾವಿರಾರು ಉಸಿರುಬೇರುಗಳನ್ನು ಮೇಲಕ್ಕೆ ಚಾಚುತ್ತವೆ. ಕೆಸರಿಗೆ ಸಿಕ್ಕ ಎಲೆಗಳು ಕೊಳೆತು ಏಡಿ, ಸಿಗಡಿ, ಮೀನಿನ ಮರಿಗಳಿಗೆ ಆಹಾರವಾಗುತ್ತವೆ, ಅವನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಕಾಂಡ್ಲ ಬೆಳೆದ ನೆಲಕ್ಕೆ ವಿಶೇಷ ರಕ್ಷಣೆ ಒದಗಿಸಿದ ಮೇಲೆ, ಒಮ್ಮೆ ಕಾಂಡ್ಲ ಹಬ್ಬಿದ ಗದ್ದೆಯನ್ನು ರೈತ ಮತ್ತೆ ಗದ್ದೆ ಮಾಡಿಕೊಳ್ಳುವುದು ದುಸ್ಸಾಧ್ಯವಾಯಿತು. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯು ಗೋವಾದಲ್ಲಿ 27 ಚದರ ಕಿಲೋಮೀಟರ್ ಕಾಂಡ್ಲವನ್ನು ಲೆಕ್ಕ ಹಾಕಿದೆ. ಅರಣ್ಯದ ಲೆಕ್ಕದಲ್ಲಿ ಗಳಿಕೆಯಾಗಿ ಕಾಣುವ ಈ ಹಸಿರಿನ ಒಂದು ಭಾಗ ಬೇಸಾಯದ ಲೆಕ್ಕದಲ್ಲಿ ನಷ್ಟವಾಗಿದೆ ಎಂಬುದನ್ನು ಒಪ್ಪಿಕೊಳ್ಳದೆ ಈ ಅಳಿವೆಯ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಲು ಸಾಧ್ಯವಿಲ್ಲ.

ಪಕ್ಷಿಧಾಮಕ್ಕೆ ಹೆಸರು ಕೊಟ್ಟ ಪಕ್ಷಿತಜ್ಞ ಸಲೀಂ ಅಲಿ (1896–1987) ತೀರಿಕೊಂಡ ಮರುವರ್ಷವೇ ಈ ಧಾಮ ಸ್ಥಾಪನೆಯಾಯಿತು. ಅವರು ರಾಬರ್ಟ್ ಗ್ರಬ್ ಅವರೊಂದಿಗೆ ಸೇರಿ ಗೋವೆಯ ಹಕ್ಕಿಗಳನ್ನು ಕುರಿತು ಬರೆದ ಪ್ರಬಂಧವು 1976ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾಗಿತ್ತು. ಕನ್ನಡ ನಾಡಿಗೂ ಅವರ ಋಣವಿದೆ. ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಅವರ ಒತ್ತಾಸೆಯಿಂದಲೇ 1940ರಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವಾಯಿತು. ದೋಣಿಯಲ್ಲಿ ಕುಳಿತು ಹಕ್ಕಿ ನೋಡುವುದೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವ ಆ ರಂಗನತಿಟ್ಟು ಕೂಡ ಒಡ್ಡಿನ ಕೂಸೇ ಆಗಿದೆ: 17ನೇ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ನೀರು ಏರಿ ಅಲ್ಲಿಯ ತಿಟ್ಟುಗಳು ರೂಪುಗೊಂಡವು. ನೀರಾವರಿಗೆಂದು ಕಟ್ಟಿದ ಕಟ್ಟೆ ಅಲ್ಲಿ ಕೊಕ್ಕರೆಗಳಿಗೆ ಗೂಡಿನ ತಾಣವನ್ನು ಒದಗಿಸಿತು. ಬೇಸಾಯಕ್ಕೆಂದು ಕಟ್ಟಿದ ಒಡ್ಡುಗಳು ಇಲ್ಲಿ ನಿಂತಲ್ಲಿ ಗದ್ದೆಯನ್ನೂ ಬಿದ್ದಲ್ಲಿ ಕಾಂಡ್ಲವನ್ನೂ ಹಕ್ಕಿಗಳಿಗೆ ಒದಗಿಸಿದವು. ನಮ್ಮ ಪಕ್ಷಿಧಾಮಗಳ ಚರಿತ್ರೆಯಲ್ಲಿ ನೀರಾವರಿ ಮತ್ತು ಬೇಸಾಯದ ಪಾಲು ಎಷ್ಟು ದೊಡ್ಡದೆಂಬುದಕ್ಕೆ ಈ ಎರಡು ನಿದರ್ಶನಗಳೇ ಸಾಕು.

ಚೋರಾಂವ್‌ನಲ್ಲಿ ದೋಣಿಯ ವೇಳೆಯನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಉಬ್ಬರವಿಳಿತ ನಿರ್ಧರಿಸುತ್ತದೆ. ಉಬ್ಬರದಲ್ಲಿ ದೋಣಿಯು ಕಾಡಿನ ಒಳಗಾಲುವೆಗಳವರೆಗೂ ಸಲೀಸಾಗಿ ಹೋಗಬಲ್ಲದು, ಆದರೆ ಆಗ ಕೆಸರಿನ ಬಯಲೆಲ್ಲ ಮುಳುಗಿರುವುದರಿಂದ ಹೆಜ್ಜೆಯಿಟ್ಟು ಮೇಯುವ ಹಕ್ಕಿಗಳು ಮರಗಳ ಮೇಲೆ ಕುಳಿತು ವಿರಮಿಸುತ್ತಿರುತ್ತವೆ. ಪೂರ್ತಿ ಇಳಿತದಲ್ಲಿ ಕೆಸರಿನ ಬಯಲು ತೆರೆದುಕೊಂಡು ಹಕ್ಕಿಗಳು ಇಳಿದು ಬರುತ್ತವೆ, ಆದರೆ ಆಗ ಕಾಲುವೆಗಳಲ್ಲಿ ದೋಣಿ ತೇಲುವಷ್ಟು ನೀರಿರುವುದಿಲ್ಲ. ಆದ್ದರಿಂದ ಅನುಭವಿ ಅಂಬಿಗರು ನೀರು ಇಳಿಯಲು ಆರಂಭಿಸುವ ಹೊತ್ತನ್ನು ಆರಿಸಿಕೊಳ್ಳುತ್ತಾರೆ. ಪಂಚಾಂಗದ ತಿಥಿ ನೋಡಿ ನೀರಿನ ವೇಳೆಯನ್ನು ಹೇಳುವ ಅವರ ಜ್ಞಾನವು ಮೀನುಗಾರಿಕೆಯಿಂದಲೂ ತೂಬು ಕಾಯುವ ಕೆಲಸದಿಂದಲೂ ಬಂದದ್ದು. ಮೊದಲು ಮೀನಿಗೆ, ಚಿಪ್ಪಿಗೆ, ಗದ್ದೆಗೆ ಹೋಗಲು ಇದ್ದ ದೋಣಿಯೇ ಪ್ರವಾಸಿಗರ ದೋಣಿಯೂ ಆಗಿದೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ, ವಲಸೆ ಹಕ್ಕಿಗಳು ಬಂದಿರುವಾಗ, ಇಲ್ಲಿಗೆ ಬರುವವರಿಗೆ ಬೆಳ್ಳಕ್ಕಿ, ಬೂದು ಬಕ, ನೇರಳೆ ಬಕ, ಇರುಳು ಬಕ, ನೀರುಕಾಗೆಗಳು ಸುಲಭವಾಗಿ ಕಾಣಸಿಗುತ್ತವೆ. ಮಿಂಚುಳ್ಳಿಗಳಲ್ಲಿ ಹಲವು ಬಗೆಗಳಿದ್ದು, ಅವುಗಳಲ್ಲಿ ಕಪ್ಪು ತಲೆಯ ಮಿಂಚುಳ್ಳಿಯೂ, ಪಶ್ಚಿಮ ಕರಾವಳಿಯಲ್ಲಿ ಬಹು ವಿರಳವಾದ, ಕುತ್ತಿಗೆಗೆ ಬಿಳಿ ಪಟ್ಟಿಯುಳ್ಳ ಮಿಂಚುಳ್ಳಿಯೂ ಕಾಂಡ್ಲವನ್ನೇ ನೆಚ್ಚಿಕೊಂಡವು. ಮೇಲೆ ಗರುಡ, ಮೀನು ಹಿಡಿಯುವ ಡೇಗೆ, ಬಿಳಿಹೊಟ್ಟೆಯ ಕಡಲಹದ್ದು ಸುತ್ತುತ್ತಿರುತ್ತವೆ. ಕೆಸರಿನ ಮೇಲೆ ಕುಪ್ಪಳಿಸುವ ಮೀನು, ಒಂದೇ ದೊಡ್ಡ ಕೊಂಡಿಯನ್ನು ಬೀಸುವ ಸಣ್ಣ ಏಡಿ, ಅದೃಷ್ಟವಿದ್ದರೆ ನೀರುನಾಯಿಗಳ ಗುಂಪು, ದೂರದ ದಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ ಇವೂ ಕಣ್ಣಿಗೆ ಬೀಳುತ್ತವೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಹಕ್ಕಿಗಳಲ್ಲಿ ಅನೇಕವು ಪಕ್ಷಿಧಾಮದ ಗಡಿಯೊಳಗೆ ಮಾತ್ರ ಬದುಕುವುದಿಲ್ಲ. ಕಾಂಡ್ಲದಲ್ಲಿ ರಾತ್ರಿ ಕಳೆಯುವ ಬೆಳ್ಳಕ್ಕಿ, ಬಕಗಳು ಹಗಲಿನಲ್ಲಿ ಚೋರಾಂವ್, ದಿವಾಡಿಗಳ ಖಾಜನ ಗದ್ದೆಗಳಿಗೂ ತೂಬಿನ ಹೊಂಡಗಳಿಗೂ ಹಾರಿಹೋಗಿ ಮೇಯುತ್ತವೆ. ಚಳಿಗಾಲದ ವಲಸೆಗಾರರಲ್ಲಿ ಎಷ್ಟೋ ಜಾತಿಗಳಿಗೆ ಕೊಯ್ಲಾದ ಗದ್ದೆಯ ತೆಳುನೀರೇ ಬೇಕು. ಗೋವೆಯಲ್ಲಿ ಒಟ್ಟು ಸುಮಾರು 18,000 ಹೆಕ್ಟೇರ್ ಖಾಜನ ಭೂಮಿ ಇದೆ ಎನ್ನಲಾಗುತ್ತದೆ. ಅದರ ಮುಂದೆ 178 ಹೆಕ್ಟೇರಿನ ಧಾಮ ಬಹಳ ಚಿಕ್ಕದು. ಗದ್ದೆಗಳು ಒಂದೊಂದಾಗಿ ಕೈಬಿಟ್ಟುಹೋಗಿ ಎಲ್ಲೆಲ್ಲೂ ಕಾಂಡ್ಲವೇ ಹಬ್ಬಿದರೂ, ಅಥವಾ ಅವುಗಳ ಮೇಲೆ ಮಣ್ಣು ಸುರಿದು ಮನೆ, ರೆಸಾರ್ಟುಗಳು ಎದ್ದರೂ, ಈ ಹಕ್ಕಿಗಳ ಆಹಾರದ ಬಯಲು ಕುಗ್ಗುತ್ತದೆ. ಕಡಲಿನ ಮಟ್ಟ ಏರುತ್ತಿರುವ ಈ ಕಾಲದಲ್ಲಿ, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳ ಹೊರಒಡ್ಡು ಹಳ್ಳಿಗಳ ಬಾವಿಯ ಸಿಹಿನೀರನ್ನೂ ಕಾಪಾಡುತ್ತದೆ ಎಂಬುದನ್ನು ಇಲ್ಲಿ ಸೇರಿಸಬೇಕು. ನದಿಯ ಮೇಲ್ಭಾಗದ ತೀರ್ಮಾನಗಳೂ ಅಳಿವೆಯನ್ನು ತಟ್ಟುತ್ತವೆ. ಮಹದಾಯಿ ಜಲವಿವಾದ ನ್ಯಾಯಮಂಡಳಿಯು 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿಕೆ ಮಾಡಿತು. ಉತ್ತರ ಕರ್ನಾಟಕದ ಬಾಯಾರಿದ ಊರುಗಳ ಬೇಡಿಕೆ ನ್ಯಾಯವಾದದ್ದು, ಅಳಿವೆಗೆ ಬೇಕಾದ ಸಿಹಿನೀರಿನ ಚಿಂತೆಯೂ ಅಷ್ಟೇ ನಿಜವಾದದ್ದು, ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಅಧ್ಯಯನಗಳು ಬೇಕಾಗಿವೆ.

ಅಘನಾಶಿನಿಯ ಗಜನಿಗಳ ಕಥೆಯೂ ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ಸಾಗಿದೆ. ಸಿಗಡಿ ಕೃಷಿಯ ಆಸೆ, ಕೂಲಿಯ ಕೊರತೆ, ಒಡ್ಡುಗಳ ಅನಾದರಗಳ ನಡುವೆ ಕಗ್ಗದ ಬೇಸಾಯ ಕ್ಷೀಣಿಸಿದರೂ, ಕುಮಟಾ ತಾಲ್ಲೂಕಿನ ಮಾಣಿಕಟ್ಟೆಯಂಥ ಊರುಗಳಲ್ಲಿ ರೈತರು ಒಗ್ಗೂಡಿ ಅದನ್ನು ಉಳಿಸಿಕೊಂಡಿದ್ದಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆಯೂ ದೊರಕಿತು. ಕಾಂಡ್ಲ, ಕಗ್ಗ, ಚಿಪ್ಪು, ಮೀನು ಎಲ್ಲವನ್ನೂ ಒಳಗೊಂಡ ಅಂಥ ಮಾನ್ಯತೆಯೇ ಸರಿಯಾದ ದಾರಿ. ಚೋರಾಂವ್‌ನಲ್ಲಿಯೂ ರಕ್ಷಣೆಯು ಕಾಡಿನ ಬೇಲಿಯೊಳಗೆ ನಿಲ್ಲದೆ ಊರಿನ ಹೊರಒಡ್ಡಿನವರೆಗೆ ಚಾಚಬೇಕು. ತೂಬಿನ ಬಾಗಿಲು, ಕಾವಲುಗಾರನ ಕೂಲಿ, ಕೊರ್ಗುಟ್ಟಿನ ಬೀಜ ಇವುಗಳಿಗೆ ಪಕ್ಷಿಧಾಮದ ಆಯವ್ಯಯದಲ್ಲಿ ಸ್ಥಾನ ಸಿಗಬೇಕು. ಹಕ್ಕಿ ನೋಡಲು ದೋಣಿಯೇರುವ ಕನ್ನಡ ಪ್ರವಾಸಿಗರು, ದಡಕ್ಕೆ ಮರಳಿದ ಮೇಲೆ ತುಸು ಹೊತ್ತು ಒಡ್ಡಿನ ಮೇಲೆಯೂ ನಡೆದು, ತೂಬನ್ನೂ ಗದ್ದೆಯನ್ನೂ ನೋಡಿ, ಅದನ್ನು ಇನ್ನೂ ಉಳುತ್ತಿರುವವರನ್ನು ಮಾತಾಡಿಸಿ ಬರಬೇಕು.